ಗೈಗರ್ ಅಜ್ಜನ ಟಕಟಕವಿಜಯ

ಕಣ್ಣಿಗೆ ಕಾಣದೆ, ಕೈಗೆ ಸಿಗದೆ, ಮೂಗಿಗೆ ವಾಸನೆಯೂ ಇಲ್ಲದೆ, ಆದರೂ ಮುಟ್ಟಿದ್ದನ್ನು ಹಾದು ಆಚೆ ಹೋಗುವ ಪರಮಾಣುಗರ್ಭಸಂಜಾತ ಕಿರಣಗಳೇ, ಈ ಕಥೆ ಮುಗಿಯುವ ತನಕ ಕಥೆಗಾರನ ನಾಲಗೆಯ ಮೇಲೆ ಬಂದು ಕೂತಿರಿ. ತುಂಬ ಹೊತ್ತು ಬೇಡ, ಆರೋಗ್ಯಕ್ಕೆ ಒಳ್ಳೆಯದಲ್ಲ.

ಕೃತಯುಗ ಸಂದು, ತ್ರೇತೆ ತೀರಿ, ದ್ವಾಪರ ದಾಟಿ, ಕಲಿಯುಗವೂ ತನ್ನ ಐದು ಸಾವಿರ ಚಿಲ್ಲರೆ ವರ್ಷಗಳನ್ನು ಕಳೆದು, ದಸರೆಯ ರಜೆಯೂ ಮುಗಿದು, ರಕ್ತಪಾಷಾಣಪುರಿಯೆಂದು ಕರೆಯಲು ತಕ್ಕದಾದ ಇಳಕಲ್ಲಿನ ಒಂದು ಪದವಿ ಕಾಲೇಜಿನ ಬೀಗ ತೆರೆದ ಆ ಸೋಮವಾರ, ಮುಂಜಾನೆ ಹನ್ನೊಂದು ಗಂಟೆಗೆ, ಭೌತಶಾಸ್ತ್ರ ಪ್ರಯೋಗಾಲಯದ ನಾಲ್ಕನೆಯ ಮೇಜಿನ ಮೇಲೆ ಒಂದು ಮಹಾಯುದ್ಧ ನಡೆಯಿತು. ಹಿಂದಿನ ಯುದ್ಧಗಳಲ್ಲಿ ರಾಜ್ಯ ಹೋಗುತ್ತಿತ್ತು, ಕಿರೀಟ ಹೋಗುತ್ತಿತ್ತು. ಈ ಯುದ್ಧದಲ್ಲಿ ಪಣಕ್ಕಿಟ್ಟದ್ದು ಒಂದು ಕಪಾಟಿನ ಒಂದು ಖಾನೆ. ನಗುವವರು ಈಗಲೇ ನಕ್ಕು ಮುಗಿಸಿ. ಆ ಖಾನೆಯ ಬೆಲೆ ಏನೆಂದು ಅಡಿವೆಪ್ಪನನ್ನು ಕೇಳಿದರೆ ಗೊತ್ತಾಗುತ್ತದೆ.

ಯಾರು ಈ ಅಡಿವೆಪ್ಪ? ಕುಂಜಿಕಾಗುಚ್ಛಾಲಂಕೃತಕಟಿಪ್ರದೇಶನೂ, ಲೋಲಕಸಹಸ್ರದೋಲನಸಾಕ್ಷಿಯೂ, ಭಗ್ನಮಸೂರಸಂಧಾನಚತುರನೂ, ವಿಭೂತಿತ್ರಿಪುಂಡ್ರಶೋಭಿತವಿಶಾಲಲಲಾಟನೂ ಆದ ಲ್ಯಾಬ್ ಅಟೆಂಡರ್ ಅಡಿವೆಪ್ಪ ಗಾಣಿಗೇರ. ಬಿಡಿಸಿ ಹೇಳಬೇಕೆಂದರೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಒಡೆದ ಮಸೂರಕ್ಕೆ ಅಂಟು ಹಾಕುವ ಕೈ, ಮೂವತ್ತೊಂದು ವರ್ಷದ ನೌಕರಿ. ಲೋಲಕ ಎಷ್ಟು ಸಲ ತೂಗಾಡಿತೆಂದು ವಿದ್ಯಾರ್ಥಿಗಳು ಮರೆತಾಗ, ಮೂಲೆಯ ಸ್ಟೂಲಿನಿಂದ “ಹದಿನೇಳರೀ” ಎಂದು ಹೇಳುವವನು ಅವನೇ.

ಈ ವೀರನ ಆಪ್ತಮಿತ್ರನೇ ‘ಅಜ್ಜ’. ಅಜ್ಜ ಎಂದರೆ ಮನುಷ್ಯನಲ್ಲ, ಒಂದು ಗೈಗರ್ ಕೌಂಟರ್. ಕಣ್ಣಿಗೆ ಕಾಣದ ವಿಕಿರಣ ಎಲ್ಲಿದೆ, ಎಷ್ಟಿದೆ ಎಂದು ಹೇಳುವ, ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರ. ಹಿಡಿದು ಓಡಾಡಬಹುದು ಎಂದು ಮಾಡಿದವರು ಹೇಳಿದ್ದರು. ಮೂರು ಕಿಲೋ ತೂಕದ ಆ ತಗಡಿನ ಪೆಟ್ಟಿಗೆಯನ್ನು ಹಿಡಿದು ಓಡಾಡಿದವರು ಆಮೇಲೆ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಮುಖದಲ್ಲಿ ಒಂದು ಮುಳ್ಳು, ಪಕ್ಕದಲ್ಲಿ ಸುರುಳಿ ತಂತಿ, ತಂತಿಯ ತುದಿಗೆ ಒಂದು ಕೊಳವೆ. ಕೊಳವೆಗೆ ಒಂದು ಕಿರಣ ಹೊಕ್ಕರೆ ಪೆಟ್ಟಿಗೆ ಒಮ್ಮೆ ‘ಟಕ್’ ಎನ್ನುತ್ತದೆ. ಹೆಚ್ಚು ಹೊಕ್ಕರೆ ಹೆಚ್ಚು ಟಕ್. ಅಜ್ಜನಿಗೆ ಬರುವುದು ಅದೊಂದೇ ಮಾತು.

ಆದರೆ ಆ ಒಂದು ಮಾತಿನಿಂದ ಅಡಿವೆಪ್ಪನ ಮಾನ ಉಳಿದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ದಿನ, ಅಂಗಿಯ ಗುಂಡಿಯಷ್ಟು ಗಾತ್ರದ ವಿಕಿರಣದ ಗುಂಡಿಯೊಂದು ಪ್ರಯೋಗಾಲಯದಿಂದ ಕಾಣೆಯಾಯಿತು. ಆಗಿನ ಮುಖ್ಯಸ್ಥರು ಮೂವತ್ತು ವಿದ್ಯಾರ್ಥಿಗಳ ಎದುರು, “ಇವನ ಕದ್ದಿರಬೇಕು, ಬೀಗ ಇವನ ಕೈಯಾಗ ಇರ್ತದ” ಎಂದುಬಿಟ್ಟರು. ಅಡಿವೆಪ್ಪನ ಬಾಯಿಂದ ಮಾತೇ ಹೊರಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಅಜ್ಜನನ್ನು ಎತ್ತಿಕೊಂಡ. ಕಸದ ಬುಟ್ಟಿ, ಮೇಜಿನ ಸಂದು, ಕಿಟಕಿಯ ಮೂಲೆ ಎಲ್ಲ ಕಡೆ ಕೊಳವೆ ಆಡಿಸಿದ. ಅಜ್ಜ ಸುಮ್ಮನಿದ್ದ. ಕೊನೆಗೆ ಕೈಮುಗಿದು ಬೇಡಿಕೊಳ್ಳೋಣವೆಂದು ಮುಖ್ಯಸ್ಥರ ಹತ್ತಿರ ಹೋದಾಗ ಅಜ್ಜ ಟಕಟಕಟಕಟಕ ಎಂದು ಒಂದೇ ಸಮನೆ ಬಾಯಿ ಬಿಟ್ಟ. ಗುಂಡಿ ಮುಖ್ಯಸ್ಥರ ಕೋಟಿನ ಜೇಬಿನಲ್ಲೇ, ಕರವಸ್ತ್ರದ ಮಡಿಕೆಯಲ್ಲಿತ್ತು. “ಮಶಿನ್ನ ಕೆಟ್ಟದ” ಎಂದು ಗೊಣಗಿ, ಗುಂಡಿಯನ್ನು ಮೇಜಿನ ಮೇಲೆ ಕುಕ್ಕಿ, ಅವರು ಹೊರಟುಹೋದರು. ಆ ದಿನದಿಂದ ಅಡಿವೆಪ್ಪ ಆ ಪೆಟ್ಟಿಗೆಯನ್ನು ಅಜ್ಜ ಎಂದು ಕರೆಯತೊಡಗಿದ.

ಇಂಥ ಅಜ್ಜನಿಗೆ ಎದುರಾಳಿಯೊಬ್ಬ ಹುಟ್ಟಿದ್ದು ದಸರೆ ರಜೆಗೆ ನಾಲ್ಕು ದಿನ ಮುಂಚೆ, ಥರ್ಮಾಕೋಲಿನ ತೊಟ್ಟಿಲಲ್ಲಿ. ತರಿಸಿದವಳು ದಶಮಾಂಶಬಿಂದುಪರಿಪಾಲಿನಿ, ದ್ವಿಚಕ್ರಿಕಾರೋಹಣಧೀರೆ, ಅರ್ಜಿಲೇಖನಾಪರಾಜಿತೆ ವಿಜಯಮಾಲಾ ಕಟಗೇರಿ ಮೇಡಂ. ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಕೆಲಸಕ್ಕೆ ಸೇರಿ ಮೂರು ವರ್ಷ. ಅದರಲ್ಲಿ ಎರಡು ವರ್ಷ ಈ ಯಂತ್ರಕ್ಕಾಗಿ ಅರ್ಜಿ ಬರೆಯುವುದರಲ್ಲೇ ಕಳೆದಿತ್ತು. ಯಂತ್ರ ಅಂಗೈಯಗಲ, ಹಳದಿ ರಬ್ಬರಿನ ಕುಪ್ಪಸ. ಮುಂದುಗಡೆ ಅಂಕೆ ತೋರಿಸುವ ಗಾಜಿನ ಪರದೆ, ಹಿಂದುಗಡೆ ದುಂಡನೆಯ ಜಾಲರಿ, ಜಾಲರಿಯ ಒಳಗೆ ಕಾಗೆಬಂಗಾರದ ತೆಳ್ಳನೆಯ ಪೊರೆ. ಕಿರಣಗಳು ಒಳಗೆ ಹೋಗುವುದು ಆ ಪೊರೆಯ ಮೂಲಕ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಅಡಿವೆಪ್ಪನಿಗೆ ಯಾರೂ ಹೇಳಿರಲಿಲ್ಲ.

ಸೋಮವಾರ ಬಾಗಿಲು ತೆರೆದ ಕೂಡಲೇ ವಿಭಾಗದ ಮುಖ್ಯಸ್ಥರಾದ ಜಹಗೀರದಾರ ಸರ್ ಚಹಾದ ಲೋಟ ಹಿಡಿದು ಒಳಗೆ ಬಂದರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಒಂದೂವರೆ ವರ್ಷ ಇದೆ, ಅಲ್ಲಿಯವರೆಗೆ ಯಾವ ಕಾಗದದಲ್ಲೂ ತಮ್ಮ ಹೆಸರು ಬರಬಾರದು ಎಂಬುದೊಂದೇ ಅವರ ವ್ರತ.

“ಗುರುವಾರ ತಪಾಸಣಾದವರು ಬರ್ತಾರ” ಎಂದರು. “ಕಪಾಟ ತಗದು ನೋಡ್ತಾರ. ಒಂದ ಖಾನೆದಾಗ ಎರಡು ಗೈಗರ್ ಯಾಕ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಒಂದು ಇಡ್ರಿ. ಇನ್ನೊಂದು ಕಂಡಮ್ ಮಾಡ್ರಿ.”

ಕಂಡಮ್! ಮೃತ್ಯುವಿಗೆ ಸಂಸ್ಕೃತದಲ್ಲಿ ನೂರು ಹೆಸರಿದ್ದರೂ ಕಚೇರಿಯ ಕನ್ನಡದಲ್ಲಿ ಇರುವುದು ಇದೊಂದೇ. ಕುರ್ಚಿಯ ಕಾಲು ಮುರಿದರೂ ಕಂಡಮ್, ಜೀಪು ನಿಂತರೂ ಕಂಡಮ್. ಕಂಡಮ್ ಆದದ್ದು ಗುಜರಿಯವನ ಕೈಗಾಡಿ ಹತ್ತುತ್ತದೆ. ಅಜ್ಜನ ಹಿಡಿಕೆಗೆ ಹಗ್ಗ ಕಟ್ಟಿ, ಹಳೇ ಫ್ಯಾನುಗಳ ಮೇಲೆ ಎಸೆದು, ಬಜಾರದ ಮೇಲೆ ಎಳೆದುಕೊಂಡು ಹೋಗುವುದು ಅಡಿವೆಪ್ಪನ ಕಣ್ಣಿಗೆ ಕಟ್ಟಿತು.

“ಯಾವುದು ಕಂಡಮ್ ಅನ್ನೂದು ಯಾರು ಹೇಳೂದ್ರಿ ಸರ?” ಎಂದು ಕೇಳಿದ.

“ಯಾರೂ ಹೇಳೂದು ಬ್ಯಾಡ. ಅಳೀರಿ. ಎಷ್ಟು ಖರೇ ಹೇಳತದ, ಎಷ್ಟು ಲಗೂ ಹೇಳತದ, ಎರಡು ನೋಡ್ರಿ. ಗೆದ್ದದ್ದು ಒಳಗ, ಸೋತದ್ದು ಹೊರಗ.”

ಖರೇ ಮತ್ತು ಲಗೂ. ನಿಖರತೆ ಮತ್ತು ಪ್ರತಿಕ್ರಿಯೆಯ ವೇಗ ಎಂದು ಪಠ್ಯಪುಸ್ತಕ ಎರಡು ಪುಟ ಬರೆಯುವುದನ್ನು ಜಹಗೀರದಾರ ಸರ್ ಚಹಾ ಆರುವ ಮುಂಚೆ ಹೇಳಿ ಮುಗಿಸಿದರು.

ಆಗ ಅಡಿವೆಪ್ಪನು ಎದ್ದು, ಪಕ್ಕದಲ್ಲಿ ನಿಂತಿದ್ದ ಮೇಡಂ ಕಡೆ ತಿರುಗಿ ಮೇಘಗಂಭೀರಧ್ವನಿಯಿಂದ ಹೀಗೆಂದನು: “ಎಲೌ ನವಯಂತ್ರಪಕ್ಷಪಾತಿನಿಯೇ, ಯಾವನ ಸಿಂಹನಾದಕ್ಕೆ ಸತ್ಯವು ಕೋಟಿನ ಜೇಬಿನಿಂದ ಹೊರಬಿದ್ದಿತೋ, ಯಾವನ ಮುಳ್ಳಿನ ಒಂದು ಭ್ರೂಭಂಗಕ್ಕೆ ಬಿ.ಎಸ್ಸಿ. ಕೊನೆಯ ವರ್ಷದ ಸಮಸ್ತ ಸೇನೆಯು ನೋಟುಪುಸ್ತಕವನ್ನು ಬಿಚ್ಚಿತೋ, ಅಂಥ ಲೋಹಕವಚಧಾರಿಯ ಮುಂದೆ ನಿನ್ನ ಈ ಹರಿದ್ರಾವರ್ಣದ ಹಸುಳೆಯು ಎಷ್ಟು ಕ್ಷಣ ನಿಂತೀತು?”

ಹೀಗೆಂದನು ಎಂದು ಬರೆಯುವುದು ವೀರಗಾಥೆಯ ಮರ್ಯಾದೆ. ಅವನು ನಿಜಕ್ಕೂ ಅಂದದ್ದು, “ಅಲ್ರೀ ಮೇಡಮ್ಮಾರ, ಅದು ಮೊಬೈಲ್ ಇದ್ದಂಗ ಐತಿ. ಅಜ್ಜನ ಮುಂದ ಅದರದೇನ್ ನಡೀತೈತ್ರಿ?”

ಇದಕ್ಕೆ ವಿಜಯಮಾಲೆಯು ವಿದ್ಯುಲ್ಲತೆಯಂತೆ ನಕ್ಕು, ‘ಎಲೈ ಜೀರ್ಣಯಂತ್ರೋಪಾಸಕನೇ’ ಎಂದು ತೊಡಗಿ ಹದಿನಾಲ್ಕು ಪಾದಗಳ ಪ್ರತ್ಯುತ್ತರ ಕೊಟ್ಟಳೆಂದು ತಿಳಿಯಿರಿ. ಪೂರ್ತಿ ಬರೆದರೆ ಕಾಗದ ದಂಡ. ಸಾರ ಇಷ್ಟು: “ನಡೀತೈತೋ ಇಲ್ಲೋ ಅಳದ ನೋಡೂಣಲ್ಲ ಕಾಕಾ. ನಿಮ್ಮ ಅಜ್ಜ ಒದರೂದು ಭಾಳ. ಒದರಿದ್ದೆಲ್ಲಾ ಲೆಕ್ಕ ಅಲ್ಲ.”

ಒದರುವುದು! ಅಡಿವೆಪ್ಪ ಅಂಗಿಯ ತೋಳು ಮಡಚಿದ.

ರಣಭೂಮಿ ಸಿದ್ಧವಾಯಿತು. ನಾಲ್ಕನೆಯ ಮೇಜಿಗೆ ಹೊದಿಸಿದ್ದು ಊರಿನದೇ ಕೆಂಪು ಕಲ್ಲು, ಕನ್ನಡಿಯ ಹಾಗೆ ಹೊಳಪು ಮಾಡಿದ್ದು. ಆ ಕಲ್ಲಿಗೂ ಹುಟ್ಟಿನಿಂದ ಬಂದ ಒಂದಿಷ್ಟು ಕಿರಣ ಇರುತ್ತದೆ. ಅಜ್ಜನನ್ನು ಅದರ ಮೇಲೆ ಸುಮ್ಮನೆ ಇಟ್ಟರೂ ಆಗಾಗ ಟಕ್, ಸ್ವಲ್ಪ ತಡೆದು ಮತ್ತೆ ಟಕ್ ಎನ್ನುತ್ತಾನೆ, ನಿದ್ದೆಯಲ್ಲಿ ಲೊಚಗುಡುವ ಮುದುಕನ ಹಾಗೆ. ಮೇಡಂ ಮೊದಲು ಎರಡೂ ಯಂತ್ರಗಳಿಂದ ಬರೀ ಕಲ್ಲಿನ ಕಿರಣವನ್ನು ಹತ್ತು ಹತ್ತು ನಿಮಿಷ ಅಳೆದು, ಕೊನೆಗೆ ಕಳೆಯಲೆಂದು ಬರೆದಿಟ್ಟುಕೊಂಡಳು. ಇದಾದ ಮೇಲೆ ಸೀಸದ ಡಬ್ಬಿ ಬಂತು. ಅದರೊಳಗೆ ಹೊಸ ಯಂತ್ರದ ಜತೆಗೇ ಬಂದಿದ್ದ, ವಿಕಿರಣ ಸೂಸುವ ಥ್ಯಾಲಿಯಂ ಗುಂಡಿ. ಆ ಗುಂಡಿಯನ್ನು ಎರಡು ಬೆರಳಿನ ಅಂತರದಲ್ಲಿ ಹಿಡಿದರೆ ಅಜ್ಜ ನಿಮಿಷಕ್ಕೆ ಎಷ್ಟು ಎಣಿಸಬೇಕು, ಹೊಸದು ಎಷ್ಟು ಎಣಿಸಬೇಕು ಎಂದು ಮೇಡಂ ರಜೆಯಲ್ಲೇ ಲೆಕ್ಕ ಹಾಕಿದ್ದಳು. ಸರಿಯಾಗಿ ಅಷ್ಟೇ ಎಣಿಸಿದವನಿಗೆ ನೂರಕ್ಕೆ ನೂರು. ಮುಚ್ಚಳ ತೆಗೆದಾಗಿನಿಂದ ಅಂಕೆ ಒಂದು ಕಡೆ ನಿಲ್ಲುವ ತನಕ ಎಷ್ಟು ಸೆಕೆಂಡು, ಅದು ಎರಡನೆಯ ಪರೀಕ್ಷೆ. ಸ್ಟಾಪ್‌ವಾಚು ಜಹಗೀರದಾರ ಸರ್ ಕೈಯಲ್ಲಿ.

ಮೊದಲು ಅಜ್ಜ. ಅಡಿವೆಪ್ಪ ಕೊಳವೆಯ ಕಿಟಕಿ ಸರಿಸಿ, ಸ್ಟ್ಯಾಂಡಿಗೆ ಸಿಕ್ಕಿಸಿ, ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದ. ಮೇಡಂ ಇಕ್ಕಳದಿಂದ ಮುಚ್ಚಳ ಎತ್ತಿದಳು.

ಏನು ಹೇಳಲಿ! ತಗಡಿನ ಪೆಟ್ಟಿಗೆಯ ಗರ್ಭದಿಂದ ಎದ್ದ ಆ ಟಕಟಕಾರಭಟಿಗೆ ಕಿಟಕಿಯ ಗಾಜು ಅದುರಿತು, ಗೋಡೆಯ ಹಲ್ಲಿ ದಿಕ್ಕೆಟ್ಟು ಟ್ಯೂಬ್‌ಲೈಟಿನ ಹಿಂದೆ ಸೇರಿತು, ಮುಳ್ಳು ನಿಂತಲ್ಲಿಂದ ಚಿಮ್ಮಿ ಏರಿ, ಒಮ್ಮೆ ಹಿಂದೆ ಸರಿದು, ಮತ್ತೊಮ್ಮೆ ಮುಂದೆ ನುಗ್ಗಿ, ಕಡೆಗೆ ಒಂದು ಗೆರೆಯ ಮೇಲೆ ನಿಂತು ಸಣ್ಣಗೆ ನಡುಗಿತು.

“ಎಂಟು ಸೆಕೆಂಡ್” ಎಂದರು ಸರ್.

ಮೇಡಂ ಕೂಡಿ ಕಳೆದು ನೋಡಿದಳು. “ನೂರಕ್ಕ ತೊಂಬತ್ತೊಂದು.” ಅವಳ ಹುಬ್ಬು ಮೇಲೆ ಹೋಗಿತ್ತು. ಈ ವಯಸ್ಸಿಗೆ ಇಷ್ಟು ನಿಜ ಹೇಳುವವರು ಕಡಿಮೆ.

ಈಗ ಹೊಸದು. ಯಂತ್ರವನ್ನು ಚೀಲದಿಂದ ತೆಗೆದು ಸ್ಟ್ಯಾಂಡಿನ ಮೇಲೆ ಇಡುವುದು ಅಟೆಂಡರನ ಕೆಲಸ, ಶತ್ರುಪಕ್ಷದ್ದಾದರೂ ಸರಿ. ಅಡಿವೆಪ್ಪ ಪರದೆ ಮೇಲೆ, ಜಾಲರಿ ಕೆಳಗೆ ಬರುವ ಹಾಗೆ ಇಟ್ಟ. ಮುಚ್ಚಳ ಸರಿಯಿತು. ಪರದೆಯ ಮೇಲೆ ಅಂಕೆ ಮೆಲ್ಲಗೆ ಏರಿತು, ನಿಂತಿತು, ಮತ್ತೆ ಕೊಂಚ ಏರಿತು. ಇಪ್ಪತ್ತು ಸೆಕೆಂಡು ಆಯಿತು. ಮೂವತ್ತು ಆಯಿತು. ಸರ್ ಆಕಳಿಸಿದರು. ನಲವತ್ತೆರಡನೆಯ ಸೆಕೆಂಡಿಗೆ ಅಂಕೆ ನಿಂತಾಗ ಅದಕ್ಕೆ ಸಿಕ್ಕಿದ್ದು ನೂರಕ್ಕೆ ಇಪ್ಪತ್ತೇಳು.

“ಬ್ಯಾಟರಿ ಇರಬೇಕ್ರಿ ಸರ” ಎಂದಳು ಮೇಡಂ. ಬ್ಯಾಟರಿ ಬದಲಾಯಿತು. ಇಪ್ಪತ್ತೇಳು. ಅಂತರವನ್ನು ಮತ್ತೆ ಅಳೆದಳು, ಗುಂಡಿಯನ್ನು ನಡುಮಧ್ಯಕ್ಕೆ ತಂದಳು. ಇಪ್ಪತ್ತಾರು. ಅವಳ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಎರಡು ವರ್ಷ ಬರೆದ ಅರ್ಜಿಗಳೆಲ್ಲ ಆ ಇಪ್ಪತ್ತಾರರಲ್ಲಿ ಮುಳುಗಿದವು.

“ಇದು ಸುಳ್ಳ ಹೇಳೂ ಮಶಿನ್ನ ನೋಡ್ರಿ” ಎಂದರು ಜಹಗೀರದಾರ ಸರ್. “ಕೆಟ್ಟದ್ದ ಕಳಿಸ್ಯಾರ ಅವರು. ಫೋನ್ ಮಾಡ್ರಿ, ವಾಪಸ್ ಒಯ್ಯಲಿ. ನಾ ಸ್ಟಾಕ್ ರಿಜಿಸ್ಟರ್ ತರ್ತೀನಿ. ಅಡಿವೆಪ್ಪ, ನಿಮ್ಮ ಅಜ್ಜ ಗೆದ್ದ.”

ಅವರು ತಮ್ಮ ಕೋಣೆಗೆ ಹೋದರು. ಮೇಡಂ ಫೋನ್ ಹಿಡಿದು ವರಾಂಡಕ್ಕೆ ಹೋದಳು. ಪ್ರಯೋಗಾಲಯದಲ್ಲಿ ಅಡಿವೆಪ್ಪ ಒಬ್ಬನೇ ಉಳಿದ. ವಿಜಯಲಕ್ಷ್ಮಿಯ ಹಾರ ಅವನ ಕೊರಳ ಹತ್ತಿರ ತೂಗಾಡುತ್ತಿತ್ತು, ಎದೆ ಉಬ್ಬಿತ್ತು, ಅಜ್ಜನ ತಗಡಿನ ಬೆನ್ನು ತಟ್ಟಿದ. ಗೆದ್ದವನಿಗೆ ಒಂದು ಸೌಜನ್ಯ ಇರಬೇಕಲ್ಲ? ಸೋತ ಯಂತ್ರವನ್ನು ತಾನೇ ಚೀಲಕ್ಕೆ ಹಾಕೋಣ ಎಂದು ಸ್ಟ್ಯಾಂಡಿನಿಂದ ಎತ್ತಿ ತಿರುಗಿಸಿದ.

ಜಾಲರಿಯ ಮೇಲೆ ಬೆಳ್ಳಗೆ, ದಪ್ಪಗೆ, ಒಣಗಿ ಗಟ್ಟಿಯಾದ ಮೂರು ಪಟ್ಟೆ ಇದ್ದವು. ಅವನದೇ ಬೆರಳು.

ಈಗ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನಕ್ಕೆ ಹೋಗಿ ಬರಬೇಕು. ಆ ದಿನ ಲೋಲಕದಿಂದ ಹಿಡಿದು ಸ್ಕ್ರೂಗೇಜಿನವರೆಗೆ ಪ್ರಯೋಗಾಲಯದ ಸಮಸ್ತ ಆಯುಧಗಳಿಗೂ ಅಡಿವೆಪ್ಪನೇ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವು ಏರಿಸಿದ್ದ. ಅಜ್ಜನಿಗೆ ಪೆಟ್ಟಿಗೆಯ ನೆತ್ತಿಯ ಮೇಲೆ ಹಚ್ಚಿದ. ಹೊಸದರ ಪಾಳಿ ಬರುವ ಹೊತ್ತಿಗೆ ಕುಂಕುಮ ತೀರಿತ್ತು. ವಿಭೂತಿ ಎಲ್ಲಿ ಹಚ್ಚುವುದು? ಪರದೆಯ ಮೇಲೆ ಹಚ್ಚಿದರೆ ಅಂಕೆ ಕಾಣುವುದಿಲ್ಲ, ಅದು ಕಣ್ಣು, ಕಣ್ಣಿಗೆ ಹಚ್ಚಬಾರದು. ಹೀಗೆ ಬಹಳ ವಿಚಾರ ಮಾಡಿ, ತಿರುಗಿಸಿ, ದುಂಡಗೆ ಹಣೆಯಂತೆ ಕಂಡ ಜಾಲರಿಯ ಮೇಲೆ ಗಟ್ಟಿಯಾಗಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಮೆತ್ತಿದ್ದ. ಸಣ್ಣ ಕೂಸೆಂದು ಒಂದು ಪದರ ಹೆಚ್ಚೇ ಹಚ್ಚಿದ್ದ. ಅವನು ಹಣೆ ಎಂದುಕೊಂಡದ್ದೇ ಅದರ ಕಣ್ಣಾಗಿತ್ತು. ಪಾಪದ ಯಂತ್ರ ಕಣ್ಣಿಗೆ ವಿಭೂತಿ ಮೆತ್ತಿಸಿಕೊಂಡು, ಸಂದಿಯಲ್ಲಿ ಸಿಕ್ಕಿದ ನಾಲ್ಕಾರು ಕಿರಣಗಳನ್ನೇ ಎಣಿಸಿ ಎಣಿಸಿ ಹೇಳಿತ್ತು.

ಅಡಿವೆಪ್ಪನಿಗೆ ಇದೆಲ್ಲ ಒಮ್ಮೆಲೇ ಹೊಳೆಯಿತು. ಮೂವತ್ತೊಂದು ವರ್ಷ ಪಾಠ ಕೇಳಿದ ಕಿವಿ ಅದು: ಥ್ಯಾಲಿಯಂ ಗುಂಡಿಯ ಮುಂದೆ ಒಂದು ರಟ್ಟು ಹಿಡಿದರೂ ಎಣಿಕೆ ಇಳಿಯುತ್ತದೆ ಎಂಬ ಪ್ರಯೋಗವನ್ನು ವರ್ಷಕ್ಕೆ ಒಂದು ಸಲ ಅವನೇ ಹೂಡಿಕೊಡುತ್ತಿದ್ದ.

ಆಗ ನಡೆಯಿತು ನೋಡಿ ನಿಜವಾದ ಯುದ್ಧ. ಮೇಜಿನ ಮೇಲಿನದಲ್ಲ, ಅಂಗಿಯ ಒಳಗಿನದು. ಒಂದು ಕಡೆ ಮೋಹಸೇನೆ ತುತ್ತೂರಿ ಊದಿತು: ಸುಮ್ಮನಿರು, ಯಾರೂ ನೋಡಿಲ್ಲ. ಚೀಲಕ್ಕೆ ಹಾಕು, ಜಿಪ್ಪು ಎಳೆ. ಹೊಸದು ತಂದವರ ಹತ್ತಿರ ಹೋಗುತ್ತದೆ, ಅಜ್ಜ ಖಾನೆಯಲ್ಲಿ ಉಳಿಯುತ್ತಾನೆ. ಬಾಯಿ ಬಿಟ್ಟರೆ ಗುರುವಾರದೊಳಗೆ ಕೈಗಾಡಿ. ಇನ್ನೊಂದು ಕಡೆ ಸೇನೆಯೇ ಇರಲಿಲ್ಲ. ವರಾಂಡದಿಂದ ಮೇಡಂ ಫೋನಿನಲ್ಲಿ ಹೇಳುತ್ತಿದ್ದ ಮಾತು ಮಾತ್ರ ಕೇಳಿಸುತ್ತಿತ್ತು: “ಇಲ್ರೀ, ತಪ್ಪು ನಿಮ್ಮ ಮಶಿನ್ನಿಂದ ಐತಿ. ಅದು ಸುಳ್ಳ ತೋರಸಾಕತ್ತೈತಿ.”

ಸುಳ್ಳು ತೋರಿಸುತ್ತಿದೆಯಂತೆ. ಬೀಗ ಇವನ ಕೈಯಲ್ಲಿರುತ್ತದೆ, ಇವನೇ ಕದ್ದಿರಬೇಕು. ಅಡಿವೆಪ್ಪನ ಕಿವಿ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಯಿತು. ಆ ದಿನ ತಾನು ಹೇಗೆ ನಿಂತಿದ್ದನೋ ಹಾಗೇ ಈ ಅಂಗೈಯಗಲದ ಹಳದಿ ಕೂಸು ಇವತ್ತು ನಿಂತಿತ್ತು, ಮಾಡದ ತಪ್ಪಿಗೆ, ಬಾಯಿಲ್ಲದೆ. ಅವನು ಅಜ್ಜನ ಕಡೆ ನೋಡಿದ. ಸ್ವಿಚ್ಚು ಆರಿಸಿರಲಿಲ್ಲ. ಕೆಂಪು ಕಲ್ಲಿನಿಂದ ಯಾವುದೋ ಒಂದು ಕಿರಣ ಎದ್ದು ಕೊಳವೆಗೆ ಹೊಕ್ಕಿತೆಂದು ಕಾಣುತ್ತದೆ.

ಟಕ್.

“ಆತಪಾ, ಗೊತ್ತಾತು” ಎಂದ ಅಡಿವೆಪ್ಪ, ಯಾರೂ ಇಲ್ಲದ ಕೋಣೆಯಲ್ಲಿ.

ಹೊಸ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ವರಾಂಡಕ್ಕೆ ಹೋದ. “ಮೇಡಮ್ಮಾರ, ಫೋನ್ ಇಡ್ರಿ.”

“ಯಾಕ ಕಾಕಾ?”

“ತಪ್ಪು ಮಶಿನ್ನಿಂದು ಅಲ್ರೀ. ನಂದು.” ಜಾಲರಿ ತಿರುಗಿಸಿ ತೋರಿಸಿದ. “ಖಂಡೇಪೂಜಿ ದಿನ ಇಲ್ಲಿ ಈಬತ್ತಿ ಹಚ್ಚೇನಿ. ಹಣಿ ಅಂತ ತಿಳದಿದ್ದೆ.”

ಮೇಡಂ ಫೋನನ್ನು ಕಿವಿಯಿಂದ ಇಳಿಸಿದಳು. ಜಾಲರಿ ನೋಡಿದಳು, ಅವನ ಹಣೆ ನೋಡಿದಳು, ಮತ್ತೆ ಜಾಲರಿ ನೋಡಿದಳು. ಎರಡೂ ಕಡೆ ಅವೇ ಮೂರು ಪಟ್ಟೆ.

“ಮುಂಜಾನೆ ಚೀಲದಾಗ ನೋಡಿದ್ದೆ ಕಾಕಾ” ಎಂದಳು ಸಣ್ಣ ದನಿಯಲ್ಲಿ. “ಕಂಪನಿ ಗುರ್ತು ಅನ್ಕೊಂಡಿದ್ದೆ.”

ಮೊದಲು ನಕ್ಕವಳು ಮೇಡಂ. ಅಡಿವೆಪ್ಪ ನಗಲಿಲ್ಲ. ನಕ್ಕರೆ ಅಳು ಬರುವ ಹಾಗಿತ್ತು.

ಇಲ್ಲಿ ಕಥೆಗಾರನಿಗೆ ಒಂದು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ಜಹಗೀರದಾರ ಸರ್ ಇಟ್ಟ ಆ ಎರಡು ಪರೀಕ್ಷೆಗಳನ್ನು ಅಡಿವೆಪ್ಪನಿಗೇ ಇಟ್ಟು ನೋಡಿ. ಜಾಲರಿ ಕಂಡಾಗಿನಿಂದ ಬಾಯಿ ಬಿಡುವ ತನಕ ಹಿಡಿದದ್ದು ಸುಮಾರು ನಾಲ್ಕು ನಿಮಿಷ, ಲಗೂ ಎನ್ನುವಂತಿಲ್ಲ. ಖರೇ ಹೇಳಿದ್ದಕ್ಕೆ ನೂರಕ್ಕೆ ನೂರು. ನಮ್ಮಲ್ಲಿ ಎಷ್ಟೋ ಜನ ಜೀವಮಾನವಿಡೀ ಹೊತ್ತು ತಗೊಂಡು ಇಪ್ಪತ್ತೇಳಕ್ಕೇ ನಿಂತುಬಿಡುತ್ತೇವೆ.

ಹಳೆಯ ಟೂತ್‌ಬ್ರಷ್ ಬಂತು. ಕಾಗೆಬಂಗಾರದ ಪೊರೆ ಹರಿದೀತೆಂದು ಅಡಿವೆಪ್ಪ ಉಸಿರು ಬಿಗಿಹಿಡಿದು, ಯಂತ್ರವನ್ನು ಬೋರಲು ಹಿಡಿದು, ಜಾಲರಿಯ ಒಂದೊಂದೇ ತೂತನ್ನು ಬಿಡಿಸಿದ. ಉದುರಿದ ವಿಭೂತಿ ನೆಲಕ್ಕೆ ಬೀಳಬಾರದೆಂದು ಕಾಗದ ಹಾಸಿದ್ದ. ಉದುರಿದ್ದನ್ನು ಬೆರಳಿಂದ ಒರೆಸಿ ತನ್ನ ಹಣೆಗೇ ಹಚ್ಚಿಕೊಂಡ. ಅಷ್ಟರಲ್ಲಿ ಜಹಗೀರದಾರ ಸರ್ ದಪ್ಪ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ನಡೆದದ್ದನ್ನು ಕೇಳಿ, “ಹಂಗಾರ ಮತ್ತ ಅಳೀಬೇಕೇನು?” ಎಂದು ಬೇಸರದಿಂದಲೇ ಸ್ಟಾಪ್‌ವಾಚು ಹಿಡಿದರು.

ಮುಚ್ಚಳ ಎತ್ತಿದ ಕೂಡಲೇ ಹಳದಿ ಕೂಸಿನ ಅಂಕೆ ಎದ್ದು ಓಡಿತು, ಓಡಿ ನಿಂತಿತು. ಮೂರು ಸೆಕೆಂಡು. ನೂರಕ್ಕೆ ತೊಂಬತ್ತೆಂಟು. ಮತ್ತೆ ಅಳೆದರು, ತೊಂಬತ್ತೆಂಟು. ಮೂರನೆಯ ಸಲ ಅಳೆಯೋಣವೇ ಎಂದು ಮೇಡಂ ಕೇಳಿದಾಗ ಅಡಿವೆಪ್ಪನೇ ಬೇಡವೆಂದ.

“ಸೋತಾನ್ರಿ ಅಜ್ಜ. ಖರೇನೂ ಇದ ಹೇಳತೈತಿ, ಲಗೂನೂ ಇದ ಹೇಳತೈತಿ.” ಅಷ್ಟು ಹೇಳಿ ಅಜ್ಜನ ಸ್ವಿಚ್ಚು ಆರಿಸಿದ. ಸುರುಳಿ ತಂತಿಯನ್ನು ಮಡಚಿ, ಕೊಳವೆಯನ್ನು ಪೆಟ್ಟಿಗೆಗೆ ಕಟ್ಟಿ, ನೆತ್ತಿಯ ಮೇಲೆ ಒಣಗಿದ್ದ ಚೆಂಡುಹೂವಿನ ಎಸಳು ತೆಗೆದ. ಮೇಡಂ ಕಿಟಕಿಯ ಕಡೆ ತಿರುಗಿ ನಿಂತಳು. ಅವಳಿಗೆ ಗೆಲುವು ಬೇಕಾಗಿತ್ತು, ಈ ಹೂವಿನ ಎಸಳು ನೋಡುವುದು ಬೇಕಾಗಿರಲಿಲ್ಲ.

ಜಹಗೀರದಾರ ಸರ್ ಕೆಂಪು ಪೆನ್ನಿನ ಟೋಪಿ ತೆಗೆದು, ರಿಜಿಸ್ಟರಿನ ಹಳೆಯ ಪುಟಗಳನ್ನು ಎಂಜಲು ಹಚ್ಚಿ ಒಂದೊಂದಾಗಿ ತಿರುವಿದರು. ಅಜ್ಜನ ಸಾಲು ಸಿಕ್ಕಿತು. ಪೆನ್ನು ಊರಿದರು. ಊರಿದ ಪೆನ್ನು ಹಾಗೇ ನಿಂತಿತು.

“ಅಡಿವೆಪ್ಪ, ಇದು ಆಗಲೇ ಕಂಡಮ್ ಆಗೇದಲ್ಲೋ.”

“ಏನಂದ್ರಿ?”

ಸರ್ ಓದಿದರು: “‘ಯಂತ್ರ ಕೆಟ್ಟಿದ್ದು, ಸುಳ್ಳು ಸದ್ದು ಮಾಡುತ್ತಿರುವುದರಿಂದ ಕಂಡಮ್ ಮಾಡಲಾಗಿದೆ.’ ಕೆಳಗ ಸಹಿ ಅದ, ತಾರೀಖ ಅದ. ಇಪ್ಪತ್ತೆರಡು ವರ್ಷ ಆತು.”

ಯಾರ ಸಹಿ, ಯಾವ ತಾರೀಖು ಎಂದು ಅಡಿವೆಪ್ಪ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಕೋಟಿನ ಜೇಬಿನಿಂದ ಗುಂಡಿ ಹೊರಬಿದ್ದ ದಿನವೇ, ಹೊರಟುಹೋದ ಮುಖ್ಯಸ್ಥರು ನೆಟ್ಟಗೆ ತಮ್ಮ ಕೋಣೆಗೆ ಹೋಗಿ ಅಜ್ಜನ ಮರಣಶಾಸನ ಬರೆದಿದ್ದರು. ಬರೆದವರು ಕೈಗಾಡಿ ಕರೆಸುವುದನ್ನು ಮರೆತರು, ಆಮೇಲೆ ವರ್ಗವಾಗಿ ಹೋದರು. ರಿಜಿಸ್ಟರು ಓದುವ ಅಭ್ಯಾಸ ಯಾರಿಗೂ ಇರಲಿಲ್ಲವಾಗಿ, ಕಾಗದದ ಮೇಲೆ ಸತ್ತ ಅಜ್ಜ ಇಪ್ಪತ್ತೆರಡು ವರ್ಷ ಕಪಾಟಿನಲ್ಲಿ ಕೂತು, ಬ್ಯಾಚು ಬ್ಯಾಚು ಮಕ್ಕಳಿಗೆ ನೂರಕ್ಕೆ ತೊಂಬತ್ತೊಂದು ನಿಜ ಹೇಳುತ್ತಲೇ ಇದ್ದ.

“ಹಂಗಾದ್ರ ಈಗ ಏನ್ ಮಾಡೂದ್ರಿ ಸರ?” ಎಂದು ಮೇಡಂ ಕೇಳಿದಳು.

ಜಹಗೀರದಾರ ಸರ್ ಪೆನ್ನಿನ ಟೋಪಿ ಮುಚ್ಚಿದರು. ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಬಂದಿತ್ತು. “ಏನ್ ಮಾಡ್ಲಿಕ್ಕೆ ಬರ್ತದ? ಕಂಡಮ್ ಆದದ್ದನ್ನ ಮತ್ತ ಕಂಡಮ್ ಮಾಡ್ಲಿಕ್ಕೆ ಫಾರ್ಮ್ ಇಲ್ಲ. ಇಲ್ಲದ್ದನ್ನ ಹೊರಗ ಹಾಕೂದು ಹ್ಯಾಂಗ? ಹಾಕಿದ್ರ ಎಲ್ಲಿಂದ ಬಂತು ಅಂತ ನನ್ನ ಕೇಳ್ತಾರ. ಖಾನೆದಾಗ ಹೊಸಾದ ಇಡ್ರಿ. ಅದು ಕಪಾಟಿನ ಮ್ಯಾಲ ಇರ್ಲಿ. ನಾ ನೋಡಿಲ್ಲ.”

ಹೀಗೆ ಆ ಮಹಾಸಮರವು ಸಮಾಪ್ತಿಯಾಯಿತು. ಗೆದ್ದವನಿಗೆ ಖಾನೆ ಸಿಕ್ಕಿತು, ಸೋತವನಿಗೆ ಅದರ ಮೇಲಿನ ಜಾಗ ಸಿಕ್ಕಿತು. ಎತ್ತರದಲ್ಲಿ ನೋಡಿದರೆ ಸೋತವನೇ ಒಂದು ಗೇಣು ಮೇಲೆ. ಮೇಡಂ ಒಂದು ಸ್ಟಿಕ್ಕರಿನ ಮೇಲೆ ‘ಇಲ್ಲಿ ವಿಭೂತಿ ಹಚ್ಚಬಾರದು’ ಎಂದು ದುಂಡಗೆ ಬರೆದಳು. ಅದನ್ನು ಅಂಟಿಸಲು ಜಾಲರಿಯ ಹತ್ತಿರ ಕೈ ಒಯ್ದು, ತಾನೇನು ಮಾಡುತ್ತಿದ್ದೇನೆಂದು ಹೊಳೆದು, ಪಕ್ಕದ ರಬ್ಬರಿಗೆ ಅಂಟಿಸಿದಳು. ಈ ಕಥೆಯನ್ನು ಪೂರ್ತಿ ಓದಿದವರ ಮನೆಯ ಗಡಿಯಾರ ಸರಿಯಾದ ಹೊತ್ತು ತೋರಿಸಲಿ, ತಕ್ಕಡಿ ಸಮನಾಗಿ ನಿಲ್ಲಲಿ, ಮಾತಾಡಬೇಕಾದ ಹೊತ್ತಿಗೆ ಬಾಯಿ ನಾಲ್ಕು ನಿಮಿಷಕ್ಕಿಂತ ತಡಮಾಡದಿರಲಿ.

ಅಡಿವೆಪ್ಪ ಅಜ್ಜನನ್ನು ಕಪಾಟಿನ ಮೇಲೆ ಏರಿಸಿ, ಸ್ಟೂಲಿನಿಂದ ಇಳಿದು, ಟೂತ್‌ಬ್ರಷ್ ತೊಳೆಯಲು ನಲ್ಲಿಯ ಹತ್ತಿರ ಹೋದ. ನೀರು ಬಂದಿರಲಿಲ್ಲ.